ಕ್ಲಚ್ ಫ್ಲೇರಿಂಗ್ ಟೂಲ್: ಕೋನ್‌ಗೆ ಪೂರಾ ಮಾರ್ಕು, ಸ್ವೇಜಿಂಗ್ ಪಂಚ್‌ಗೆ ಸೊನ್ನೆ

ಎಸಿಯ ತಾಮ್ರದ ಪೈಪನ್ನು ನಟ್ಟಿನಿಂದ ಜೋಡಿಸಲು ಅದರ ಬಾಯಿಯನ್ನು ತುತ್ತೂರಿಯಂತೆ ಅಗಲಿಸಬೇಕು, ಅದಕ್ಕೆ ಫ್ಲೇರ್ ಅನ್ನುತ್ತೇವೆ. ಅದನ್ನು ಮಾಡುವ ಈ ಟೂಲ್ ತಗೊಂಡಿದ್ದು ಸಿಟ್ಟಿನಲ್ಲಿ. ಏಪ್ರಿಲ್‌ನಲ್ಲಿ ಜೇವರ್ಗಿ ರಸ್ತೆಯ ಒಂದು ಮನೆಗೆ ಮೂರನೇ ಸಲ ಹೋಗಿದ್ದೆ. ಒಂದೂವರೆ ಟನ್ ಎಸಿ, ನಾನೇ ಕೂಡಿಸಿದ್ದು. ಇಪ್ಪತ್ತು ದಿನಕ್ಕೊಮ್ಮೆ ಗ್ಯಾಸ್ ಖಾಲಿ. ಆ ಮನೆಯ ಅಜ್ಜಿ ಬೈಯಲಿಲ್ಲ. "ಬಾ ತಮ್ಮಾ, ಮೊದಲ ಮಜ್ಜಿಗಿ ಕುಡಿ. ಆಮ್ಯಾಲ ಮತ್ತ ಗ್ಯಾಸ್ ತುಂಬುವಂತಿ" ಎಂದರು. ಬೈದಿದ್ದರೇ ಚೆನ್ನಾಗಿತ್ತು.

ಮಾಳಿಗೆ ಹತ್ತಿ ಔಟ್‌ಡೋರ್ ಕಡೆಯ ನಟ್ ಬಿಚ್ಚಿದೆ. ಫ್ಲೇರ್ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು. ನನ್ನ ಹಳೇ ಟೂಲ್ ಕೋನನ್ನು (ಬಾಯಿ ಅಗಲಿಸುವ ಚೂಪು ತುದಿಯನ್ನು) ನೇರವಾಗಿ ಪೈಪಿನೊಳಗೆ ತುರುಕುವ ಜಾತಿಯದು. ಒಂದು ಕಡೆ ತಾಮ್ರ ತೆಳ್ಳಗೆ, ಇನ್ನೊಂದು ಕಡೆ ದಪ್ಪ. ಆರ್22 ಗ್ಯಾಸ್ ಇದ್ದಾಗ ಹೇಗೋ ನಡೆಯುತ್ತಿತ್ತು. ಈಗಿನ ಆರ್32 ಒತ್ತಡ ಅದರ ಒಂದೂವರೆ ಪಟ್ಟು. ಅದರ ಮೇಲೆ ನಮ್ಮ ಕಲಬುರಗಿ ಬಿಸಿಲು. ಸಣ್ಣ ತಪ್ಪನ್ನೂ ಅದು ಬಿಡುವುದಿಲ್ಲ.

ಅವತ್ತೇ ಸಂಜೆ ನಮ್ಮೂರಿನ ಸೂಪರ್ ಮಾರ್ಕೆಟ್ ಪೇಟೆಗೆ ಹೋಗಿ 2,800 ರೂಪಾಯಿ ಕೊಟ್ಟು ಕ್ಲಚ್ ಇರುವ ಟೂಲ್ ತಂದೆ. ಕಂಪನಿ ಹೆಸರು ಬರೆಯುತ್ತಿಲ್ಲ. ಅಂಗಡಿಯಲ್ಲಿ ಅದೇ ಮಾಲು ಮೂರು ಹೆಸರಿನ ಮೂರು ಡಬ್ಬಿಯಲ್ಲಿತ್ತು, ಹೆಸರು ನೋಡಿ ಏನು ಮಾಡೋದು?

ಇದರ ಕೋನ್ ನಟ್ಟನಡುವೆ ಇರುವುದಿಲ್ಲ, ಸ್ವಲ್ಪ ಓರೆಗೆ ಕೂತಿರುತ್ತದೆ. ಹಿಡಿ ತಿರುಗಿಸಿದಂತೆ ಪೈಪಿನ ಬಾಯಿಯ ಸುತ್ತ ಉರುಳುತ್ತಾ ಹೋಗುತ್ತದೆ, ರೊಟ್ಟಿ ತಟ್ಟುವಾಗ ಅಂಚನ್ನು ಸುತ್ತಲೂ ಹಿಗ್ಗಿಸುತ್ತೇವಲ್ಲ, ಹಾಗೆ. 45 ಡಿಗ್ರಿ ಮುಖ ನುಣ್ಣಗೆ, ಕನ್ನಡಿಯಂತೆ ಬರುತ್ತದೆ. ಸಾಕಾದಾಗ ಕ್ಲಚ್ 'ಕಟ್' ಅನ್ನುತ್ತದೆ, ಅಲ್ಲಿಗೆ ನಿಲ್ಲಿಸಬೇಕು. ಹಳೇದರಲ್ಲಿ ಎಷ್ಟು ಬಿಗಿ ಮಾಡಬೇಕು ಅನ್ನುವುದು ಕೈಯ ಅಂದಾಜು. ಬೆಳಿಗ್ಗೆಯ ಕೈ ಬೇರೆ, ಮಧ್ಯಾಹ್ನ ಎರಡು ಗಂಟೆಗೆ ಬಿಸಿಲಲ್ಲಿ ನಿಂತ ಕೈ ಬೇರೆ.

ಒಂದು ಮಾತು, ಪೈಪನ್ನು ಬಾರ್‌ನ (ಪೈಪ್ ಹಿಡಿಯುವ ಪಟ್ಟಿಯ) ಮೇಲೆ ಜಾಸ್ತಿ ಎತ್ತಿ ಹಿಡಿಯಬೇಡಿ. ಹಳೇ ಟೂಲಿನಲ್ಲಿ ಒಂದೂವರೆ, ಎರಡು ಮಿಲಿಮೀಟರ್ ಬಿಡುವ ಅಭ್ಯಾಸ ನಮಗೆಲ್ಲ. ಇದಕ್ಕೆ ಅರ್ಧ ಮಿಲಿಮೀಟರ್ ಸಾಕು, ಸಮ ಇದ್ದರೂ ನಡೆಯುತ್ತದೆ. ಮೊದಲ ದಿನ ಹಳೇ ಅಭ್ಯಾಸದಲ್ಲೇ ಮಾಡಿದೆ. ಫ್ಲೇರ್ ದೊಡ್ಡದಾಗಿ ನಟ್ಟಿನೊಳಗೆ ಸಿಕ್ಕಿಕೊಂಡಿತು. 2 ಸೂತ್ (ಒಂದು ಸೂತ್ ಅಂದರೆ ಇಂಚಿನ ಎಂಟನೇ ಒಂದು ಭಾಗ) ಪೈಪಿಗೆ ಫ್ಲೇರ್ ಅಗಲ ಸುಮಾರು 9 ಮಿಲಿಮೀಟರ್, 4 ಸೂತ್‌ಗೆ 16 ದಾಟಿ ಅರ್ಧ ಬಂದರೆ ಸರಿ.

ಟೂಲ್ ಎಷ್ಟೇ ಚೆನ್ನಾಗಿರಲಿ, ಕಟರ್‌ನಿಂದ ಕತ್ತರಿಸಿದ ಮೇಲೆ ಒಳಗಿನ ಚೂಪು ಅಂಚನ್ನು ರೀಮರ್‌ನಿಂದ ಕೆರೆಯದಿದ್ದರೆ ಫ್ಲೇರ್ ಹಾಳು. ಪೈಪಿನ ಬಾಯಿ ಕೆಳಗೆ ಮಾಡಿ ಕೆರೆಯಬೇಕು, ಇಲ್ಲದಿದ್ದರೆ ತಾಮ್ರದ ಪುಡಿ ಒಳಗೇ ಉಳಿಯುತ್ತದೆ. ಕೋನ್‌ಗೆ ಒಂದು ಹನಿ ಕಂಪ್ರೆಸರ್ ಎಣ್ಣೆ. ಇನ್ನು ನಟ್, ಅದನ್ನು ಫ್ಲೇರ್ ಮಾಡುವ ಮೊದಲೇ ಪೈಪಿಗೆ ಹಾಕಿರಬೇಕು. ನನ್ನ ಜೊತೆ ಕೆಲಸ ಕಲಿಯುವ ಅಳಿಯ ಅಂದವಾದ ಫ್ಲೇರ್ ಮಾಡಿ ತೋರಿಸಿದ. "ನಟ್ ಎಲ್ಲಿ?" ಅಂದೆ. ಜೇಬಿನಲ್ಲಿತ್ತು. ಆ ಫ್ಲೇರ್ ಕತ್ತರಿಸಿ ಎಸೆದೆವು. ನಗಬೇಡಿ, ಹದಿನೆಂಟು ವರ್ಷ ಆದರೂ ನನಗೂ ಆಗುತ್ತದೆ.

ಅಜ್ಜಿಯ ಮನೆಯ ಎರಡೂ ತುದಿ ಇದರಿಂದಲೇ ಮತ್ತೆ ಮಾಡಿದೆ. ನೈಟ್ರೋಜನ್ ತುಂಬಿ ಸಾಬೂನು ನೊರೆ ಹಚ್ಚಿದರೆ ಒಂದು ಗುಳ್ಳೆಯೂ ಇಲ್ಲ. ಮಳೆಗಾಲ ಬಂತು, ಇನ್ನೂ ಫೋನ್ ಬಂದಿಲ್ಲ.

ಇನ್ನು ಡಬ್ಬಿಯಲ್ಲೇ ಬಂದ ಸ್ವೇಜಿಂಗ್ ಪಂಚ್‌ಗಳು. ಅವಕ್ಕೆ ದುಡ್ಡು ಕೊಟ್ಟಿದ್ದು ದಂಡ. ಸ್ವೇಜ್ ಅಂದರೆ ಪೈಪಿನ ತುದಿ ಹಿಗ್ಗಿಸಿ, ಅದೇ ಅಳತೆಯ ಇನ್ನೊಂದು ಪೈಪ್ ಒಳಗೆ ಕೂರುವಂತೆ ಮಾಡುವುದು. ಪೈಪಿನ ಹೊರ ಅಗಲ ಎಷ್ಟೋ ಅಷ್ಟು ಆಳ ಹೋಗಬೇಕು. ಬಿಗಿಯಾಗಿ ಕೂತರೆ ಬ್ರೇಜಿಂಗ್ ರಾಡ್ (ಬೆಸುಗೆ ಕಡ್ಡಿ) ಕರಗಿದ್ದನ್ನು ಸಂದಿ ತಾನೇ ಒಳಗೆ ಎಳೆದುಕೊಳ್ಳುತ್ತದೆ. ಈ ಪಂಚ್‌ನಿಂದ ಮಾಡಿದ್ದು ಗಡಗಡ ಅಲ್ಲಾಡಿತು. ಕರಗಿದ್ದು ಪೈಪಿನ ಒಳಗೆ ಹೋಗಿ ಗಡ್ಡೆ ಕಟ್ಟಿತು. 5 ಸೂತ್ ಪಂಚ್‌ನ ಮೈ ಮೇಲೆ ಗೆರೆ ಬೇರೆ, ಅದು ಪೈಪಿನ ಒಳಗೂ ಮೂಡುತ್ತದೆ. ಉಸ್ತಾದ್ ಕೊಟ್ಟ ಹಳೇ ಪಂಚ್‌ಗೆ ಸುತ್ತಿಗೆ ಏಟು ಬಿದ್ದು ಬಿದ್ದು ತಲೆ ಅಣಬೆಯಂತಾಗಿದೆ. ಆದರೂ ಸ್ವೇಜ್‌ಗೆ ಇವತ್ತಿಗೂ ಅದೇ.

ಬರೀ ಫ್ಲೇರಿಂಗ್ ಟೂಲ್ ಬಿಡಿಯಾಗಿ ಸಿಕ್ಕರೆ ಅದನ್ನೇ ತಗೊಳ್ಳಿ. ವರ್ಷಕ್ಕೆ ನಾಲ್ಕು ಎಸಿ ಕೂಡಿಸುವವರಿಗೆ ಈ ಖರ್ಚು ಬೇಡ, ಹಳೇದರಲ್ಲೇ ನಿಧಾನಕ್ಕೆ ಮಾಡಬಹುದು. ಡಬ್ಬಿಯ ಕೊಂಡಿ ಎರಡನೇ ತಿಂಗಳಿಗೇ ಮುರಿಯಿತು, ಈಗ ಸೈಕಲ್ ಟ್ಯೂಬ್ ಸುತ್ತಿ ಇಟ್ಟಿದ್ದೇನೆ. ಪಂಚ್‌ಗಳು ಅದರಲ್ಲೇ ಇವೆ, ಯಾರಿಗಾದರೂ ಬೇಕಿದ್ದರೆ ಸುಮ್ನೆ ಕೊಡುತ್ತೇನೆ.