ಯೂನಿಟಿ 6: ಗೇಮ್ ಪ್ರೋಗ್ರಾಮಿಂಗಾ, ಕಂಪನಿ ಕೆಲಸವಾ ಎಂದು ತೂಗುತ್ತಿರುವವರಿಗೆ

ಮೈಸೂರು, ಮಂಡ್ಯದ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಕ್ಯಾಂಪಸ್ ಸೆಲೆಕ್ಷನ್ ಹತ್ತಿರ ಬಂದಾಗ ಕೆಲವರಿಗಾದರೂ ಈ ತೊಳಲಾಟ ಶುರುವಾಗುತ್ತದೆ. ಸರ್ವಿಸ್ ಕಂಪನಿಯ ಆಫರ್ ಒಪ್ಪಿಕೊಳ್ಳುವುದೋ, ಬೆಂಗಳೂರಿನ ಗೇಮ್ ಸ್ಟುಡಿಯೋಗಳ ಬಾಗಿಲು ತಟ್ಟುವುದೋ? ಸುಮ್ಮನೆ ಕೂತು ಯೋಚಿಸಿದರೆ ಇದು ಬಗೆಹರಿಯುವುದಿಲ್ಲ. ಗೇಮ್ ತಯಾರಿಸುವ ತಂತ್ರಾಂಶವಾದ (ಗೇಮ್ ಇಂಜಿನ್) ಯೂನಿಟಿ 6 ಹಾಕಿಕೊಂಡು ಒಂದೇ ಒಂದು ಚಿಕ್ಕ ಗೇಮನ್ನು ಪೂರ್ತಿ ಮಾಡಿ, ಫೋನಿನಲ್ಲಿ ಓಡಿಸಿ ನೋಡಿ. ಗೇಮ್ ಆಡುವ ಆಸೆ ಬೇರೆ, ಗೇಮಿನ ಕೋಡ್ ತಿದ್ದುತ್ತಾ ಕೂರುವ ತಾಳ್ಮೆ ಬೇರೆ. ಆ ತಾಳ್ಮೆ ಇದೆಯೋ ಇಲ್ಲವೋ ಎಂಬುದನ್ನು ಈ ಇಂಜಿನ್ ಬಹಳ ಬೇಗ ತೋರಿಸಿಕೊಡುತ್ತದೆ. ಅದಕ್ಕಾಗಿಯೇ ಇದು ನಮಗೆ ಮೆಚ್ಚುಗೆ.

ದುಡ್ಡಿನ ವಿಷಯ ಮೊದಲು ಹೇಳಿಬಿಡೋಣ. ಹಿಂದಿನ 12 ತಿಂಗಳ ಆದಾಯ ಮತ್ತು ಬಂಡವಾಳ ಸೇರಿ 2 ಲಕ್ಷ ಡಾಲರ್ ದಾಟದವರಿಗೆ ಯೂನಿಟಿಯ ಪರ್ಸನಲ್ ಆವೃತ್ತಿ ಉಚಿತ. 2023ರ ಸೆಪ್ಟೆಂಬರಿನಲ್ಲಿ ಯೂನಿಟಿ ಕಂಪನಿಯವರು ಇನ್‌ಸ್ಟಾಲ್ ಲೆಕ್ಕದಲ್ಲಿ ಶುಲ್ಕ ಹಾಕುತ್ತೇವೆ ಎಂದು ಘೋಷಿಸಿ, ಒಂದು ವರ್ಷದ ನಂತರ ಅದನ್ನು ಪೂರ್ತಿ ಕೈಬಿಟ್ಟರು. ಅಷ್ಟರಲ್ಲಿ ಎಷ್ಟೋ ಡೆವಲಪರುಗಳ ನಂಬಿಕೆ ಹೋಗಿತ್ತು. ಕಲಿಯುವವರಿಗೆ ಇದರಿಂದ ನೇರ ತೊಂದರೆ ಇಲ್ಲ. ಆದರೆ ಒಂದೇ ಇಂಜಿನ್ನಿನ ಮೇಲೆ ಇಡೀ ಜೀವನ ಕಟ್ಟಬಾರದು ಎಂಬ ಎಚ್ಚರ ಇರಲಿ.

ಲ್ಯಾಪ್‌ಟಾಪಿನಲ್ಲಿ 16 ಜಿಬಿ ರ್‍ಯಾಮ್ ಮತ್ತು ಎಸ್‌ಎಸ್‌ಡಿ ಇದ್ದರೆ ಆರಾಮ. 8 ಜಿಬಿಯಲ್ಲೂ ನಡೆಯುತ್ತದೆ, ಆದರೆ ಬ್ರೌಸರ್ ಮುಚ್ಚಿಟ್ಟು ಕೆಲಸ ಮಾಡಬೇಕು. ಯೂನಿಟಿ ಹಬ್‌ನಲ್ಲಿ ಎಡಿಟರ್ ಜೊತೆಗೆ ಆಂಡ್ರಾಯ್ಡ್ ಬಿಲ್ಡ್ ಸಪೋರ್ಟ್, ಅದರಡಿ ಆಂಡ್ರಾಯ್ಡ್ ಗೇಮ್ ಕಟ್ಟಲು ಬೇಕಾದ ಉಪಕರಣಗಳಾದ ಎಸ್‌ಡಿಕೆ, ಎನ್‌ಡಿಕೆ, ಓಪನ್‌ಜೆಡಿಕೆ ಎಲ್ಲಕ್ಕೂ ಟಿಕ್ ಹಾಕಿ, 20 ಜಿಬಿಯಷ್ಟು ಜಾಗ ಬಿಟ್ಟುಕೊಳ್ಳಿ. ಪ್ರಾಜೆಕ್ಟನ್ನು ಗೆಳೆಯರಿಗೆ ಕೊಡುವಾಗ ಲೈಬ್ರರಿ ಫೋಲ್ಡರ್ ಬೇಡ, ಅದು ಮತ್ತೆ ತಾನೇ ತಯಾರಾಗುತ್ತದೆ. ಮೆಟಾ ಫೈಲುಗಳನ್ನು ಮಾತ್ರ ಬಿಡಬೇಡಿ. ಪ್ರತಿ ಚಿತ್ರ, ಪ್ರತಿ ಸ್ಕ್ರಿಪ್ಟಿನ ಗುರುತಿನ ಸಂಖ್ಯೆ ಅದರಲ್ಲೇ ಇರುವುದರಿಂದ, ಅದು ಹೋದರೆ ಸೀನ್ ತೆರೆದಾಗ ಎಲ್ಲೆಲ್ಲೂ 'ಮಿಸ್ಸಿಂಗ್' ಎಂದು ಬರುತ್ತದೆ.

ನಿಜವಾದ ಪರೀಕ್ಷೆ ಆಮೇಲೆ. ಸೆಕೆಂಡಿಗೆ 60 ಫ್ರೇಮ್ (ಪರದೆಯ ಮೇಲೆ ಮೂಡುವ ಒಂದೊಂದು ಚಿತ್ರ) ಬೇಕೆಂದರೆ ಒಂದು ಫ್ರೇಮಿಗೆ ಸಿಗುವುದು 16.67 ಮಿಲಿಸೆಕೆಂಡ್. ಇನ್‌ಪುಟ್, ಲಾಜಿಕ್, ಫಿಸಿಕ್ಸ್, ಚಿತ್ರ ಬಿಡಿಸುವುದು ಎಲ್ಲವೂ ಅಷ್ಟರಲ್ಲೇ ಮುಗಿಯಬೇಕು. ಫೋನಿನಲ್ಲಾದರೆ 11 ಮಿಲಿಸೆಕೆಂಡಿನ ಒಳಗೇ ಮುಗಿಸುವುದು ಕ್ಷೇಮ. ಪೂರ್ತಿ ಸಮಯ ಬಳಸಿಕೊಂಡರೆ ಫೋನು ಬಿಸಿಯಾಗುತ್ತದೆ, ಪ್ರೊಸೆಸರ್ ತನ್ನ ವೇಗ ತಾನೇ ಇಳಿಸಿಕೊಳ್ಳುತ್ತದೆ, ಹತ್ತು ನಿಮಿಷದ ಹಿಂದೆ ಚೆನ್ನಾಗಿದ್ದ ಗೇಮ್ ತಡವರಿಸತೊಡಗುತ್ತದೆ.

ಹೊಸಬರು ಎಡವುವ ಜಾಗ ಒಂದನ್ನು ಹತ್ತಿರದಿಂದ ನೋಡಿ. ಜಂಪ್ ಬಟನ್ ಒತ್ತಿದರೂ ಆಟಗಾರ ಒಮ್ಮೊಮ್ಮೆ ಹಾರುವುದೇ ಇಲ್ಲ. ಬಟನ್ ಓದುವ ಕೋಡನ್ನು, ಫಿಸಿಕ್ಸ್ ಲೆಕ್ಕಕ್ಕೆಂದು ಇರುವ ಫಂಕ್ಷನ್ ಆದ ಫಿಕ್ಸ್ಡ್‌ಅಪ್‌ಡೇಟ್ ಒಳಗೆ ಬರೆದಿರುವುದೇ ಇದಕ್ಕೆ ಕಾರಣ. ಅದು ಡೀಫಾಲ್ಟ್ ಆಗಿ 0.02 ಸೆಕೆಂಡಿಗೊಮ್ಮೆ, ಅಂದರೆ ಸೆಕೆಂಡಿಗೆ 50 ಸಲ ನಡೆಯುತ್ತದೆ. ಪರದೆ 60 ಫ್ರೇಮಿನಲ್ಲಿ ಓಡುತ್ತಿದ್ದರೆ ಕೆಲವು ಫ್ರೇಮುಗಳಲ್ಲಿ ಅದು ನಡೆಯುವುದೇ ಇಲ್ಲ. 'ಈ ಫ್ರೇಮಿನಲ್ಲಿ ಒತ್ತಿದರು' ಎಂಬ ಸುದ್ದಿ ಆ ಒಂದು ಫ್ರೇಮಿಗಷ್ಟೇ ಇರುವುದರಿಂದ ಕಳೆದುಹೋಗುತ್ತದೆ. ಬಟನ್ನನ್ನು ಪ್ರತಿ ಫ್ರೇಮಿಗೂ ನಡೆಯುವ ಅಪ್‌ಡೇಟ್‌ನಲ್ಲಿ ಓದಿ, ಒಂದು (ಹೌದು-ಇಲ್ಲ ಎಂದಷ್ಟೇ ನೆನಪಿಡುವ) ಬೂಲಿಯನ್‌ನಲ್ಲಿ ಇಟ್ಟುಕೊಂಡು, ಬಲ ಹಾಕುವುದನ್ನು ಮಾತ್ರ ಫಿಕ್ಸ್ಡ್‌ಅಪ್‌ಡೇಟ್‌ಗೆ ಬಿಡಿ. ಬಳಸಿದ ಮೇಲೆ ಬೂಲಿಯನ್ನನ್ನು ಫಾಲ್ಸ್ ಮಾಡಲು ಮರೆಯಬೇಡಿ.

ಇನ್ನೊಂದು ತೊಂದರೆ ಗಾರ್ಬೇಜ್ ಕಲೆಕ್ಷನ್, ಅಂದರೆ ಬಳಸಿ ಬಿಟ್ಟ ಮೆಮೊರಿಯನ್ನು ಗುಡಿಸುವ ಕೆಲಸ. ಪ್ರತಿ ಫ್ರೇಮಿನಲ್ಲೂ ಸ್ಕೋರಿನ ಸ್ಟ್ರಿಂಗ್ ಹೊಸದಾಗಿ ಜೋಡಿಸಿದರೆ, ಪ್ರತಿ ಗುಂಡನ್ನೂ ಹುಟ್ಟಿಸಿ ಸಾಯಿಸಿದರೆ, ಮೆಮೊರಿಯಲ್ಲಿ ಕಸ ಸೇರಿ, ಅದನ್ನು ಗುಡಿಸುವಾಗ ಆಗಾಗ ಒಂದು ಜರ್ಕ್ ಹೊಡೆಯುತ್ತದೆ. ಸ್ಕೋರ್ ಬದಲಾದಾಗ ಮಾತ್ರ ಅಕ್ಷರ ಬದಲಿಸಿ, ಗುಂಡುಗಳಿಗೆ ಆಬ್ಜೆಕ್ಟ್ ಪೂಲ್ (ಮೊದಲೇ ಮಾಡಿಟ್ಟು ಮತ್ತೆ ಮತ್ತೆ ಬಳಸುವ ಗುಂಪು) ಬಳಸಿ. ಯಾವುದಕ್ಕೆ ಎಷ್ಟು ಸಮಯ ಹಿಡಿಯಿತು ಎಂದು ತೋರಿಸುವ ಪ್ರೊಫೈಲರನ್ನು ಎಡಿಟರಿನಲ್ಲೇ ನೋಡಿ ನಂಬಬೇಡಿ, ಎಡಿಟರಿನ ಭಾರವೂ ಅದರಲ್ಲಿ ಸೇರಿರುತ್ತದೆ. ಡೆವಲಪ್‌ಮೆಂಟ್ ಬಿಲ್ಡ್ ಮಾಡಿ, ಫೋನನ್ನು ಯುಎಸ್‌ಬಿಯಲ್ಲಿ ಜೋಡಿಸಿ ಅಳೆಯಿರಿ. ಫೋನಿನಲ್ಲಿ ಯೂನಿಟಿಯ ಡೀಫಾಲ್ಟ್ 30 ಫ್ರೇಮ್. ಟಾರ್ಗೆಟ್ ಫ್ರೇಮ್‌ರೇಟನ್ನು ಕೋಡಿನಲ್ಲಿ 60 ಮಾಡದೆ ಫೋನನ್ನು ಬೈಯುವವರು ಬಹಳ ಜನ.

ಗೇಮನ್ನು ಪ್ಲೇ ಸ್ಟೋರಿಗೆ ಹಾಕುವವರೆಗೂ ಬಿಡಬೇಡಿ. ಡೆವಲಪರ್ ಖಾತೆಗೆ ಒಂದೇ ಸಲ 25 ಡಾಲರ್. ಹೊಸ ವೈಯಕ್ತಿಕ ಖಾತೆಯಾದರೆ 12 ಜನ ಟೆಸ್ಟರುಗಳು ಸತತ 14 ದಿನ, ಆಯ್ದ ಜನರಿಗಷ್ಟೇ ಗೇಮ್ ಕೊಡುವ ಕ್ಲೋಸ್ಡ್ ಟೆಸ್ಟಿಂಗ್‌ನಲ್ಲಿ ಇರಬೇಕು. ಈ ಹಂತದಲ್ಲಿ ಬರುವ ಬಗ್‌ಗಳನ್ನು ಬೇಜಾರಿಲ್ಲದೆ ಸರಿಮಾಡಿದವರಿಗೆ ಈ ಕಸುಬು ಒಗ್ಗುತ್ತದೆ. ಅಲ್ಲೇ ಕೈಬಿಟ್ಟವರು ಕಂಪನಿ ಕೆಲಸ ಹಿಡಿಯುವುದೇ ಮೇಲು, ಅದರಲ್ಲಿ ಸಣ್ಣತನವೇನೂ ಇಲ್ಲ.

ಕೆಲಸದ ಮಾರುಕಟ್ಟೆಗೆ ಬಂದರೆ, ಯೂನಿಟಿಯಲ್ಲಿ ಕೋಡ್ ಬರೆಯುವ ಭಾಷೆಯಾದ ಸಿ ಶಾರ್ಪ್ ಹೊರಗೂ ನಡೆಯುತ್ತದೆ, ಮೈಕ್ರೋಸಾಫ್ಟಿನ ಡಾಟ್‌ನೆಟ್ ಹುದ್ದೆಗಳಿಗೆ ಅದೇ ಭಾಷೆ. ಆದರೆ ಯೂನಿಟಿ ಸ್ಕ್ರಿಪ್ಟ್ ಬರೆದ ಮಾತ್ರಕ್ಕೆ ಡೇಟಾಬೇಸಿನ ಭಾಷೆಯಾದ ಎಸ್‌ಕ್ಯೂಎಲ್ ಬರುವುದಿಲ್ಲ, ಸರ್ವರಿನ ಎಪಿಐ ಕಟ್ಟಲು ಬರುವುದಿಲ್ಲ. ಲೀಡರ್‌ಬೋರ್ಡಿನ ಸರ್ವರನ್ನು ಎಎಸ್‌ಪಿ ಡಾಟ್‌ನೆಟ್ ಮತ್ತು ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿ ನೀವೇ ಬರೆದರೆ ಒಂದೇ ಪ್ರಾಜೆಕ್ಟು ಎರಡೂ ಕಡೆಯ ಇಂಟರ್‌ವ್ಯೂಗೆ ಆಗುತ್ತದೆ. ನಮಗೆ ಎಲ್ಲಕ್ಕಿಂತ ಉಪಯುಕ್ತ ಅನ್ನಿಸಿದ್ದು ಇದೇ ದಾರಿ. ವಾಹನಗಳ ಡಿಸ್‌ಪ್ಲೇ, ವಿಆರ್ ತರಬೇತಿಯಂಥ ಕೆಲಸಗಳಲ್ಲೂ ಯೂನಿಟಿ ಇದೆ. ಅದು ಎರಡರ ನಡುವಿನ ಒಳ್ಳೆಯ ಜಾಗ.

ಕಂಪನಿ ಕೆಲಸ 'ಸ್ಟೇಬಲ್' ಅನ್ನುತ್ತಾರಲ್ಲ, ಅದನ್ನೂ ಸ್ವಲ್ಪ ಒರೆಗೆ ಹಚ್ಚಬೇಕು. ಫ್ರೆಶರ್ ಪ್ಯಾಕೇಜು ಮೂರೂವರೆ ಲಕ್ಷದ ಆಸುಪಾಸಿನಲ್ಲೇ ವರ್ಷಗಟ್ಟಲೆ ನಿಂತಿದೆ. 2025ರ ಫೆಬ್ರವರಿಯಲ್ಲಿ ಮೈಸೂರಿನಲ್ಲೇ, ತರಬೇತಿಯ ಪರೀಕ್ಷೆ ಪಾಸಾಗದ ನೂರಾರು ಟ್ರೈನಿಗಳು ಮನೆಗೆ ಹೋಗಬೇಕಾಯಿತು. ಆದರೂ ಸಂಬಳ ತಿಂಗಳ ಕೊನೆಗೆ ಬರುತ್ತದೆ, ಡೊಮೇನ್ ಬದಲಿಸುವ ಅವಕಾಶ ಇರುತ್ತದೆ. ಮನೆಯ ಸಾಲ ಕಟ್ಟುವವರಿಗೆ ಇದು ಸಣ್ಣ ಮಾತಲ್ಲ. ಗೇಮ್ ಕಡೆಯ ಅಪಾಯ ಇದಕ್ಕಿಂತ ಒರಟು. 2025ರ ಆಗಸ್ಟಿನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ಮಾಡಿದ ಮೇಲೆ, ಒಳ್ಳೆಯ ಸಂಬಳ ಕೊಡುತ್ತಿದ್ದ ಕಂಪನಿಗಳೇ ಜನರನ್ನು ತೆಗೆದವು. ಯೂನಿಟಿ ಕಂಪನಿಯೇ 2024ರ ಜನವರಿಯಲ್ಲಿ ಕಾಲು ಭಾಗದಷ್ಟು ಸಿಬ್ಬಂದಿ ಕಡಿತ ಘೋಷಿಸಿತ್ತು.

ಆದ್ದರಿಂದ ಸ್ಟುಡಿಯೋದಿಂದ ಆಫರ್ ಬಂದರೆ ಕೇಳಲೇಬೇಕಾದ ಪ್ರಶ್ನೆಗಳಿವೆ. ಆದಾಯ ಎಲ್ಲಿಂದ, ಜಾಹೀರಾತೋ, ಇನ್-ಆಪ್ ಖರೀದಿಯೋ, ಹೊರಗಿನವರ ಕೆಲಸ ಮಾಡಿಕೊಡುವುದೋ? ಸೇರುವ ತಂಡದ ಗೇಮ್ ಈಗಾಗಲೇ ಓಡುತ್ತಿದೆಯೋ, ಇನ್ನೂ ಪ್ರೋಟೊಟೈಪೋ? ಬಿಡುಗಡೆಗೆ ಮುಂಚೆ ಶನಿವಾರ, ಭಾನುವಾರವೂ ದುಡಿಸುತ್ತಾರೆಯೇ? ಉತ್ತರ ಕೊಡಲು ಹಿಂಜರಿದರೆ ಮುಂದುವರಿಯಬೇಡಿ.

ಲ್ಯಾಪ್‌ಟಾಪು ಹಳೆಯದಾಗಿದ್ದರೆ ಗೊಡೊ ಹಾಕಿಕೊಳ್ಳಿ. ಅದು ಎಂಐಟಿ ಲೈಸೆನ್ಸಿನ (ಮುಕ್ತವಾಗಿ ಬಳಸಬಹುದಾದ) ಇಂಜಿನ್, ಬಹಳ ಹಗುರ, ಯಾರಿಗೂ ರಾಯಧನ ಕೊಡಬೇಕಿಲ್ಲ. ಆದರೆ ಉದ್ಯೋಗದ ಜಾಹೀರಾತುಗಳಲ್ಲಿ ಹೆಚ್ಚಾಗಿ ಕೇಳುವುದು ಯೂನಿಟಿಯನ್ನೂ ಇನ್ನೊಂದು ಇಂಜಿನ್ನಾದ ಅನ್‌ರಿಯಲನ್ನೂ. ಅನ್‌ರಿಯಲ್ಲಿಗೆ ಸಿ ಪ್ಲಸ್ ಪ್ಲಸ್ ಗಟ್ಟಿಯಿರಬೇಕು, ಒಳ್ಳೆಯ ಗ್ರಾಫಿಕ್ಸ್ ಕಾರ್ಡೂ ಬೇಕು.

ಕಂಪನಿಗೆ ಸೇರಿಕೊಂಡು ಸಂಜೆ ಹೊತ್ತು ಗೇಮ್ ಮಾಡುವವರು ಸಹಿ ಹಾಕುವ ಮುಂಚೆ ಅಗ್ರಿಮೆಂಟಿನ ಎರಡು ಕಲಮು ಓದಿ: ಬೇರೆ ಕೆಲಸ ಮಾಡಬಾರದೆಂಬುದು, ನೀವು ಬರೆದ ಕೋಡ್ ಯಾರದು ಎಂಬುದು. ಎಚ್‌ಆರ್ ಕಡೆಯಿಂದ ಇಮೇಲಿನಲ್ಲಿ ಒಪ್ಪಿಗೆ ಪಡೆದುಕೊಳ್ಳಿ. ಕಂಪನಿಯ ಲ್ಯಾಪ್‌ಟಾಪಿನಲ್ಲಿ ಯೂನಿಟಿ ತೆರೆಯಲೇ ಬೇಡಿ.