ಗೇಮ್ ಚಿತ್ರಕ್ಕೆ ಮಿಡ್‌ಜರ್ನಿಯೋ, ಸ್ಟೇಬಲ್ ಡಿಫ್ಯೂಷನ್ನೋ?

ಎರಡೂ ಬರೆದದ್ದನ್ನು ಚಿತ್ರವಾಗಿಸುವ ಎಐ ಟೂಲ್‌ಗಳೇ. ಗೇಮಿನ ಲೋಕ ಹೇಗಿರಬೇಕೆಂದು ಇನ್ನೂ ತಡಕಾಡುತ್ತಿದ್ದರೆ ಮಿಡ್‌ಜರ್ನಿ ಸಾಕು. ಒಂದು ಸಾಲು ಬರೆದರೆ ನಾಲ್ಕು ಚಿತ್ರ. ಬೆಳಕು, ಬಣ್ಣ ಕಣ್ಣಿಗೆ ಹಬ್ಬ. ಆದರೆ ಚಂದಾ ಕಟ್ಟಬೇಕು, ಅಗ್ಗದ ಪ್ಲಾನಿನಲ್ಲಿ ನೀವು ಮಾಡಿದ್ದು ಊರಿಗೆಲ್ಲ ಕಾಣುತ್ತದೆ.

ಅದೇ ನಾಯಕನನ್ನು ಎಡಕ್ಕೆ ತಿರುಗಿಸಬೇಕು, ಓಡಿಸಬೇಕು, ಕತ್ತಿ ಎತ್ತಿಸಬೇಕು ಎಂದರೆ ಸ್ಟೇಬಲ್ ಡಿಫ್ಯೂಷನ್ನೇ ವಾಸಿ. 2022ರಲ್ಲಿ ಮುಕ್ತವಾಗಿ ಬಂದದ್ದು. 8 ಜಿಬಿ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಮನೆಯ ಕಂಪ್ಯೂಟರಿನಲ್ಲೇ ಓಡುತ್ತದೆ. ಅದಕ್ಕೆ ಜೋಡಿಸುವ, ಭಂಗಿ ಹಿಡಿತದಲ್ಲಿಡುವ ಕಂಟ್ರೋಲ್‌ನೆಟ್‌ಗೆ ಕಡ್ಡಿಗೊಂಬೆಯ ಭಂಗಿ ಕೊಟ್ಟರೆ ಪಾತ್ರ ಹೆಚ್ಚುಕಡಿಮೆ ಹಾಗೇ ನಿಲ್ಲುತ್ತದೆ. ನಿಮ್ಮದೇ ಚಿತ್ರಗಳಿಂದ ಲೋರಾ (ನಿಮ್ಮ ಪಾತ್ರವನ್ನು ಟೂಲಿಗೆ ಕಲಿಸುವ ಪುಟ್ಟ ಫೈಲು) ತಯಾರಿಸಿಕೊಂಡರೆ ಮುಖ, ಉಡುಗೆ ಅಷ್ಟಾಗಿ ಕದಲುವುದಿಲ್ಲ. ಕಲಿಯುವಾಗ ಮಾತ್ರ ಬೆವರಿಳಿಯುತ್ತದೆ. ಸ್ಪ್ರೈಟಿನ, ಅಂದರೆ ಗೇಮಿನಲ್ಲಿ ಓಡಾಡುವ ಪಾತ್ರದ ಚಿತ್ರದ, ಅಂಚನ್ನಂತೂ ಎರಡರಲ್ಲೂ ಕೈಯಿಂದಲೇ ತಿದ್ದಬೇಕು.

ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಮಾರುವುದಾದರೆ, ಟೂಲ್ ಯಾವುದೇ ಇರಲಿ, ಗೇಮಿನಲ್ಲಿ ಎಐ ಚಿತ್ರಗಳಿವೆ ಎಂದು ತಿಳಿಸಲೇಬೇಕು.