ಸೈಕಲ್ಲಿಗೆ ಸೈಕಲ್ ಕಟ್ಟಿ ಎಳೆಯೋಕೆ ಯಾವ ದಾರಿ ವಾಸಿ?

ಸರ್ಕಾರದ ಉಚಿತ ಸೈಕಲ್ ಯೋಜನೆ ಶುರುವಾಗಿದ್ದು 2006-07ರಲ್ಲಿ. ಎಂಟನೇ ಕ್ಲಾಸಿನ ಮಕ್ಕಳಿಗೆ ಕೊಟ್ಟ ಆ ಸೈಕಲ್‌ಗಳಲ್ಲಿ ಎಷ್ಟೋ ಮೈಸೂರಿನ ಸುತ್ತಮುತ್ತ ಮನೆಗಳ ಹಿತ್ತಲಲ್ಲಿ ತುಕ್ಕು ಹಿಡಿಯುತ್ತಿವೆ. ನಾನು ಅವನ್ನು ಕೇಳಿ ತಂದು, ರಿಪೇರಿ ಮಾಡಿ, ಬೇಕಾದವರಿಗೆ ಕೊಡುತ್ತೇನೆ. ಒಂದೊಂದೇ ತರೋಕೆ ಹೋದರೆ ದಿನವೆಲ್ಲ ಓಡಾಟ. ಲಗೇಜ್ ಆಟೊ ಕರೆದರೆ ಟೈರು ಟ್ಯೂಬಿಗೆ ಇಟ್ಟ ದುಡ್ಡು ಬಾಡಿಗೆಗೇ ಹೋಗುತ್ತದೆ. ಅದಕ್ಕೇ ಸೈಕಲ್ಲಲ್ಲೇ ಸೈಕಲ್ ಸಾಗಿಸುವ ಮೂರು ಬಗೆಯನ್ನೂ ಮಾಡಿ ನೋಡಿದ್ದೇನೆ.

ಎಲ್ಲರಿಗೂ ಗೊತ್ತಿರುವುದು ಕೈಯಲ್ಲಿ ಹಿಡಿದು ತರುವುದು. ಒಂದನ್ನು ಓಡಿಸುತ್ತಾ, ಎಡಗೈಯಲ್ಲಿ ಇನ್ನೊಂದರ ಹ್ಯಾಂಡಲ್ಲಿನ ನಡುಭಾಗ ಹಿಡಿಯಬೇಕು. ತುದಿ ಹಿಡಿದರೆ ಚಕ್ರ ತಿರುಗಿ ಕಾಲಿಗೇ ಬರುತ್ತದೆ. ಖರ್ಚಿಲ್ಲ, ಸ್ಪ್ಯಾನರ್ ಬೇಡ. ಆದರೆ ಬ್ರೇಕಿಗೆ ಉಳಿಯುವುದು ಬಲಗೈ ಮಾತ್ರ, ಮತ್ತು ನಮ್ಮಲ್ಲಿ ಬಲಗಡೆಯ ಬ್ರೇಕ್ ಸಾಮಾನ್ಯವಾಗಿ ಮುಂದಿನ ಚಕ್ರದ್ದು. ಇಳಿಜಾರಿನಲ್ಲಿ ಅದೊಂದನ್ನೇ ಒತ್ತುವುದು ಅಪಾಯ. ಪಕ್ಕದ ಬೀದಿಯಿಂದ ತರೋಕೆ ಸರಿ, ಬಸ್ ಓಡಾಡುವ ರಸ್ತೆಗೆ ಖಂಡಿತ ಬೇಡ.

ಎರಡನೆಯದು ನನಗೆ ತುಂಬಾ ಇಷ್ಟ. ಎಳೆಯುವ ಸೈಕಲ್ಲಿನ ಕ್ಯಾರಿಯರ್ ಮೇಲೆ ಹಳೇ ಮುಂದಿನ ಚಕ್ರದ ಹಬ್ (ಕಡ್ಡಿಗಳು ಸೇರುವ ನಡುಭಾಗ) ಒಂದನ್ನು ಅಡ್ಡಕ್ಕೆ ಕೂರಿಸಿ ಕ್ಲ್ಯಾಂಪ್ ಹಾಕಿದ್ದೇನೆ. ತರಬೇಕಾದ ಸೈಕಲ್ಲಿನ ಮುಂದಿನ ಚಕ್ರ ಬಿಚ್ಚಿ, ಆ ಚಕ್ರ ಹಿಡಿದಿದ್ದ ಎರಡು ಕಾಲಿನ ಫೋರ್ಕನ್ನು ಆ ಹಬ್ಬಿನ ಆಕ್ಸಲ್‌ಗೆ ನಟ್ಟು ಹಾಕಿ ಬಿಗಿದರೆ ಮುಗಿಯಿತು. ರಸ್ತೆ ಹಂಪ್ ಬಂದಾಗ ಹಿಂದಿನ ಸೈಕಲ್ ಆ ಆಕ್ಸಲ್ ಮೇಲೆ ಏರಿಳಿಯುತ್ತದೆ. ತಿರುವಿನಲ್ಲಿ ಅದರದೇ ಹ್ಯಾಂಡಲ್ ಬೇರಿಂಗ್ ಕೀಲಿನ ಕೆಲಸ ಮಾಡುತ್ತದೆ. ಫೋರ್ಕಿನ ಎರಡು ಕಾಲೂ ಬಿಗಿಯಾಗಿರುತ್ತವಲ್ಲ, ಹಾಗಾಗಿ ಪಕ್ಕಕ್ಕೆ ಬೀಳುವ ಮಾತೇ ಇಲ್ಲ. ನಾನು ವಾಲಿದರೆ ಅದೂ ಜೊತೆಗೇ ವಾಲುತ್ತದೆ. ಹಿಂದಿನ ಫ್ರೀವೀಲ್ (ಪೆಡಲ್ ತುಳಿಯದಿದ್ದರೂ ಚಕ್ರ ಉರುಳಲು ಬಿಡುವ ಭಾಗ) ಟಿಕ್ ಟಿಕ್ ಅನ್ನುತ್ತಾ ಬರುತ್ತದೆ, ಪೆಡಲ್ ಸುಮ್ನೆ ಇರುತ್ತದೆ. ಹ್ಯಾಂಡಲ್ ಅಲ್ಲಾಡುತ್ತದೆ ಅಂತ ಅದನ್ನು ಫ್ರೇಮಿಗೆ ಕಟ್ಟಿಬಿಡಬೇಡಿ, ಕೀಲೇ ಹೋಗಿಬಿಡುತ್ತದೆ.

ಒಂದು ಕೊರತೆ ಇದೆ. ಕ್ಯಾರಿಯರ್ ಎತ್ತರಕ್ಕೆ ಮೂತಿ ಮೇಲೆದ್ದಿರುವುದರಿಂದ ಕೀಲು ಓರೆಯಾಗುತ್ತದೆ, ಚಿಕ್ಕ ತಿರುವಿನಲ್ಲಿ ಹಿಂದಿನದು ಒಂದು ಕಡೆಗೆ ವಾಲುತ್ತದೆ. ನಿಧಾನವಾಗಿ ದೊಡ್ಡ ಸುತ್ತು ತೆಗೆದುಕೊಳ್ಳಬೇಕು. ಈ ಹಿಂದಿನ ಸೈಕಲ್ಲಿನ ಕ್ಯಾರಿಯರ್‌ಗೆ ಇನ್ನೊಂದನ್ನೂ ಸಿಕ್ಕಿಸಬಹುದು, ಬರುತ್ತದೆ. ಆದರೆ ಬಾಲ ಆಡಿದಷ್ಟೂ ಮುಂದಿನ ಹ್ಯಾಂಡಲ್ ಹಿಡಿಯುವುದು ಕಷ್ಟ.

ಮೂರನೆಯದು ಟ್ರೈಲರ್. 20 ಇಂಚಿನ ಎರಡು ಚಕ್ರ, ಕಬ್ಬಿಣದ ಚೌಕಟ್ಟು, ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ್ದು. ಒಂದರ ಮೂತಿ ಮುಂದಕ್ಕೆ, ಪಕ್ಕದ್ದರ ಮೂತಿ ಹಿಂದಕ್ಕೆ ನಿಲ್ಲಿಸಿದರೆ ನಾಲ್ಕು ಸೈಕಲ್ ಹಿಡಿಸುತ್ತವೆ. ರಿಮ್ ಸೊಟ್ಟಗಾದ, ಟೈರೇ ಇಲ್ಲದ ಸೈಕಲ್ಲೂ ಬರುತ್ತದೆ ಅನ್ನುವುದೇ ಇದರ ದೊಡ್ಡ ಲಾಭ, ಫೋರ್ಕಿನ ದಾರಿಯಲ್ಲಿ ಹಿಂದಿನ ಚಕ್ರ ಚೆನ್ನಾಗಿರಲೇಬೇಕು. ಆದರೆ ಕರಿ ಸೈಕಲ್ ಒಂದಕ್ಕೆ 20 ಕೆಜಿ ಹತ್ತಿರ ತೂಕ. ನಾಲ್ಕು ಹೇರಿದರೆ ಏರಿನಲ್ಲಿ ಇಳಿದು ತಳ್ಳಬೇಕು, ಇಳಿಜಾರಿನಲ್ಲಿ ಟ್ರೈಲರೇ ನಮ್ಮನ್ನು ತಳ್ಳುತ್ತದೆ. ಭಾರ ಅಚ್ಚಿಗಿಂತ ಚೂರು ಮುಂದೆ ಬೀಳುವಂತೆ ಕಟ್ಟಬೇಕು. ಹಿಂದಕ್ಕೆ ಜಾಸ್ತಿಯಾದರೆ ಸೈಕಲ್ಲಿಗೆ ಸಿಕ್ಕಿಸಿದ ಕೊಕ್ಕೆ ಮೇಲಕ್ಕೆದ್ದು ಟ್ರೈಲರ್ ಅತ್ತಿತ್ತ ಬಡಿಯುತ್ತದೆ.

ಓಡುವ ಸ್ಥಿತಿಯಲ್ಲಿರುವ ಒಂದು ಸೈಕಲ್ ಆದರೆ ನಾನು ಕಣ್ಣು ಮುಚ್ಚಿ ಫೋರ್ಕಿನ ದಾರಿಯನ್ನೇ ಹಿಡಿಯುತ್ತೇನೆ. ಮೂರಕ್ಕಿಂತ ಜಾಸ್ತಿ ಇದ್ದರೆ, ಇಲ್ಲವೇ ಮುರಿದದ್ದಾದರೆ, ಟ್ರೈಲರ್. ಎರಡರಲ್ಲೂ ಕೊನೆಯ ಸೈಕಲ್ಲಿಗೆ ಕೆಂಪು ಲೈಟು ಕಟ್ಟಿ, ಹಗಲಲ್ಲೂ ಉರಿಸಿ. ಪಕ್ಕದಿಂದ ನುಗ್ಗುವ ಬೈಕಿನವರಿಗೆ ಇಷ್ಟುದ್ದದ ಗಾಡಿ ಬರುತ್ತಿದೆ ಅಂತ ಗೊತ್ತಾಗುವುದೇ ಇಲ್ಲ.